ನಲವತ್ತು ಟ್ರೇ ನಾಸಿ ಲೆಮಾಕ್

ನಮ್ಮ ಸೊಸೆ ಮನುಷ್ಯರ ಜೊತೆ ಯಂತ್ರದ ಜೊತೆ ಮಾತಾಡಿದಂತೆ ಮಾತಾಡುತ್ತಾಳೆ; ಯಂತ್ರದ ಜೊತೆ ಮಾತ್ರ ಮಗುವಿಗೆ ಬುದ್ಧಿ ಹೇಳಿದಂತೆ! ಇಂಥವಳ ಜೊತೆ ಕಡಲಾಚೆಯ ಈ ಪುಚೊಂಗಿನಲ್ಲಿ ಸಂಸಾರ ಮಾಡುತ್ತಿರುವ ನನ್ನ ಮಗನ ಮೇಲೆ ನಿಮಗೆ ಕನಿಕರ ಹುಟ್ಟಿದ್ದರೆ ಸ್ವಲ್ಪ ತಡೆಯಿರಿ. ಅದರಲ್ಲಿ ಅರ್ಧ ನನಗೂ ಸಲ್ಲಬೇಕು.

ಈಗ ಕಂಪ್ಯೂಟರಿನೊಳಗೆ ಎಐ ಏಜೆಂಟ್ ಎಂಬ ಆಳು ಬಂದಿದ್ದಾನಲ್ಲ, ಪಾಪ, ಅವನಿಗೆ ಕೈಕಾಲಿಲ್ಲ. ಊಟ ತರಿಸುವುದಕ್ಕೊಂದು ಸಾಫ್ಟ್‌ವೇರ್, ಕಾರು ಕರೆಸುವುದಕ್ಕೊಂದು, ಇವೇ ಅವನ ಹತಾರಗಳು. ಯಾವ ಹತಾರ ಯಾವುದಕ್ಕೆ, ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂದು ಅವನಿಗೆ ತಿಳಿಯುವಂತೆ ಬರೆದಿಡುವುದು ನಮ್ಮ ಸೊಸೆಯ ಉದ್ಯೋಗ. ಇದಕ್ಕೆ ಸಂಬಳವನ್ನೂ ಕೊಡುತ್ತಾರೆ!

ಆಫೀಸಿನ ಚಾಳಿ ಆಫೀಸಿನಲ್ಲೇ ಉಳಿದೀತೇ?

"ರೀ, ತೆಂಗಿನಕಾಯಿ ತನ್ನಿ. ಕಾಯಿ ಸಿಗದಿದ್ರೆ ತುರಿದಿದ್ದು. ಅದೂ ಇಲ್ಲಾಂದ್ರೆ ಏನೂ ತರಬೇಡಿ, ಫೋನ್ ಮಾಡಿ. ಎಳನೀರು ತೆಂಗಿನಕಾಯಿ ಅಲ್ಲ."

"ಎಳನೀರು ಯಾರೇ ತರ್ತಾರೆ?"

"ಹೋದ ತಿಂಗಳು ನೀವೇ ತಂದ್ರಿ!"

ಮಗ ಚೀಲ ಹಿಡಿದು ಹೊರಟ.

ಅವಳದೊಂದು ಸಿದ್ಧಾಂತವಿದೆ. ಬರೆದದ್ದು ಮಾವನಿಗೆ ಅರ್ಥವಾದರೆ ಯಂತ್ರಕ್ಕೂ ಅರ್ಥವಾಗುತ್ತದಂತೆ! ಇದು ಹೊಗಳಿಕೆಯೋ ಬೈಗುಳವೋ ನೀವೇ ಹೇಳಿ. ಹೀಗಾಗಿ ಬರೆದದ್ದನ್ನು ಕನ್ನಡಕ್ಕೆ ಮಾಡಿ ನನ್ನ ಕೈಗೆ ಕೊಡುತ್ತಿದ್ದಳು. "ಮಾವ, ಈಗ ನೀವು ಯಂತ್ರ. ಇದರಲ್ಲಿ ಬರೆದಿರೋದಷ್ಟೇ ನಿಮಗೆ ಗೊತ್ತು, ಆಯ್ತಾ?"

ಮೊದಲನೆಯ ಪರೀಕ್ಷೆ ಚಹಾ ಮಾಡುವುದು. ಬರೆದಿದ್ದಂತೆಯೇ ಮಾಡಿ ತಂದುಕೊಟ್ಟೆ. ಒಂದು ಗುಟುಕು ಕುಡಿದವಳು ಮುಖ ಕಿವುಚಬೇಕಲ್ಲವೇ? ಕುಣಿದಳು!

"ಸೂಪರ್ ಮಾವ! ಚಹಾಪುಡಿ ಹಾಕಿ ಅಂತ ನಾನು ಬರೆದೇ ಇಲ್ಲ!"

ಅಂದಿನಿಂದ ನನ್ನ ಜಂಬಕ್ಕೆ ಮಿತಿಯಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ದುಡಿದದ್ದು ದಾವಣಗೆರೆಯ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ. ಅಲ್ಲಿ ಎರಡನೇ ಸಲ ಏನಾದರೂ ಕೇಳಿದರೆ ಸಾಹುಕಾರರು, "ಅಷ್ಟೂ ಗೊತ್ತಾಗಲ್ವೇನೋ?" ಎಂದು ಎಲ್ಲರೆದುರು ಗದರುತ್ತಿದ್ದರು. ಹಾಗಾಗಿ ನಾನು ಅಲ್ಲಿ ಚೆನ್ನಾಗಿ ಕಲಿತ ವಿದ್ಯೆ ಒಂದೇ, ತಲೆಯಾಡಿಸುವುದು. ಗೊತ್ತಿರಲಿ ಬಿಡಲಿ, "ಗೊತ್ತಾತು!" ಇಲ್ಲಿಗೆ ಬಂದ ಮೇಲೂ ಅದೇ ವಿದ್ಯೆ. "ಒಬ್ರೇ ಎಲ್‌ಆರ್‌ಟಿ ಹತ್ತಿ ಸುತ್ತಾಡ್ಕೊಂಡು ಬನ್ನಿ ಮಾವ" ಎಂದರೆ, "ನನಗೆ ರೈಲು ಸೇರಲ್ಲಮ್ಮ" ಎಂದುಬಿಡುತ್ತಿದ್ದೆ. ಆಮೇಲೆ ಬಾಲ್ಕನಿಯಲ್ಲಿ ಕೂತು ದಿನವಿಡೀ ರೈಲನ್ನೇ ನೋಡುತ್ತಿದ್ದೆ!

ಒಂದು ದಿನ ಊಟ ತರಿಸುವ ಹತಾರದ ಸರದಿ ಬಂತು. "ದಿನಾಂಕ ಕೊಡಿ. ಎಷ್ಟು ಬೇಕೋ ಆ ಅಂಕಿ ಕೊಡಿ" ಎಂದಿತ್ತು. ಎಷ್ಟು ಅಂದರೆ ಏನೆಷ್ಟು? ಪ್ಲೇಟೋ, ಟ್ರೇಯೋ? ಸಂದೇಹ ಬಂತು, ಖಂಡಿತ ಬಂತು. ಆದರೆ ಎದುರಿಗಿದ್ದವಳು ಸೊಸೆ! ಮಾವನಾದವನು ಸೊಸೆಯೆದುರು ಗೊತ್ತಿಲ್ಲ ಎನ್ನುವುದುಂಟೇ?

"ಗೊತ್ತಾಯ್ತಾ ಮಾವ?"

"ಕನ್ನಡಿ ಇದ್ದಂಗೈತಿ ಬಿಡಮ್ಮ!"

ಮುಂದಿನ ವಾರ ಬಾಂಗ್ಸಾರಿನ ಅವಳ ಆಫೀಸಿನಲ್ಲಿ ನಲವತ್ತು ಜನರಿಗೆ ಊಟ. ಯಂತ್ರ ನಲವತ್ತು ಎಂದು ಅಂಕಿ ಹಾಕಿತು. ಬಂದದ್ದು ನಲವತ್ತು ಟ್ರೇ! ಒಂದೊಂದರಲ್ಲೂ ಇಪ್ಪತ್ತು ಜನ ಉಣ್ಣುವಷ್ಟು ನಾಸಿ ಲೆಮಾಕ್, ಅದೇ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ. ಮೀಟಿಂಗ್ ರೂಮು ತುಂಬಿ, ಮೆಟ್ಟಿಲು ತುಂಬಿ, ದೊಡ್ಡ ಸಾಹೇಬರ ಮೇಜಿನ ಮೇಲೂ ಟ್ರೇ. ಸಂಜೆ ಸೊಸೆ ಉಳಿದದ್ದನ್ನು ಕಾರು ತುಂಬ ತಪಾವ್ ಮಾಡಿಕೊಂಡು, ಅಂದರೆ ಪೊಟ್ಟಣ ಕಟ್ಟಿಕೊಂಡು, ಬಂದಳು. ಮನೆಮನೆಗೆ ಹಂಚುತ್ತಾ ಹೋದರೆ ಪಕ್ಕದ ಮನೆಯ ತಮಿಳು ಆಂಟಿ, "ಎನ್ನ ವಿಶೇಷಂ, ಕಲ್ಯಾಣಮಾ?" ಎಂದು ಕೇಳಬೇಕೇ!

ನಗು ಅಲ್ಲಿಗೇ ನಿಂತಿತು. ಊಟವಾದ ಮೇಲೆ ಅವಳ ಮ್ಯಾನೇಜರಿನ ಫೋನು. ಸೋಮವಾರದೊಳಗೆ ಸರಿಯಾಗದಿದ್ದರೆ ಈ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರಂತೆ. ಯಾರು ಟೆಸ್ಟ್ ಮಾಡಿದ್ದೆಂದು ಕೇಳಿದರೆಂದು ಕಾಣುತ್ತದೆ. "ತಪ್ಪು ನನ್ನದೇ" ಎಂದಳು ಇಂಗ್ಲಿಷಿನಲ್ಲಿ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಅವಳು ಫೋನಿಟ್ಟ ಕೂಡಲೇ ಎದುರಿಗೆ ಹೋಗಿ ನಿಂತೆ.

"ಅಮ್ಮಾ, ಅವತ್ತು ನನಗೆ ಗೊತ್ತಾಗಿರ್ಲಿಲ್ಲ. ಕೇಳಾಕೆ ನಾಚಿಕೆ ಆತು. ಸುಮ್ನೆ ತಲೆ ಆಡಿಸಿಬಿಟ್ಟೆ."

ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನನ್ನೇ ನೋಡಿದಳು. "ಮಾವ, ಯಂತ್ರನೂ ಥೇಟ್ ಹಂಗೇ ಮಾಡತ್ತೆ! ಗೊತ್ತಿಲ್ಲ ಅನ್ನಲ್ಲ, ಏನೋ ಒಂದು ಊಹೆ ಮಾಡಿ ಹಾಕಿಬಿಡತ್ತೆ. ಕೇಳಬಹುದು ಅಂತ ನಾನೆಲ್ಲೂ ಬರೆದೇ ಇರ್ಲಿಲ್ವಲ್ಲ!"

ಭಾನುವಾರ ಹೊಸದಾಗಿ ಬರೆದದ್ದು ಕೈಗೆ ಬಂತು. "ಅಂಕಿ ಎಂದರೆ ಟ್ರೇ. ಒಂದು ಟ್ರೇ ಇಪ್ಪತ್ತು ಜನಕ್ಕೆ. ಸಂದೇಹ ಬಂದರೆ ನಿಲ್ಲಿಸಿ, ಕೇಳಿ. ಕೇಳಿದ್ದಕ್ಕೆ ಇಲ್ಲಿ ಯಾರೂ ಬೈಯುವುದಿಲ್ಲ."

"ಈ ಕೊನೇ ಸಾಲು ಯಾಕಮ್ಮ? ಯಂತ್ರಕ್ಕೆ ಬೈಗುಳದ ಭಯವೇನು?"

"ಇರ್ಲಿ ಬಿಡಿ ಮಾವ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಸೋಮವಾರ ಅವಳ ಕೆಲಸ ಉಳಿಯಿತು. ಯಂತ್ರ ಅಂಕಿ ಹಾಕುವ ಮೊದಲು ನಿಂತು, "ಎಷ್ಟು ಜನಕ್ಕೆ?" ಎಂದು ಕೇಳಿತಂತೆ. ಯಂತ್ರವೇ ಕೇಳಿದ ಮೇಲೆ ನನಗೇನು ಧಾಡಿ?

"ಅಮ್ಮಾ, ರೈಲ್ವೆ ಸ್ಟೇಷನ್ನಾಗೆ ಟೋಕನ್ ಕೊಡೋ ಮೆಷಿನ್ ಐತಲ್ಲ, ಅದರಾಗೆ ಮೊದ್ಲು ಏನು ಒತ್ತಬೇಕು?"

ಇನ್ನೇನು, ಬರೆದುಕೊಡುತ್ತಾಳೆ ಎಂದು ಕನ್ನಡಕ ಏರಿಸಿಕೊಂಡು ಕಾದೆ. ಬರೆಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತು ಕೈ ಚಾಚಿದಳು.

"ಬನ್ನಿ ಮಾವ, ಇಬ್ರೂ ಹೋಗೋಣ."