ಲಗೂ ಮುರಿಯೂ ಡಬ್ಬಿ

ಮಹಾಲಿಂಗಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಊದಿನಕಡ್ಡಿ ಬೆಳಗಿ, "ಶಿವನೇ, ಇವತ್ತು ಯಾರ ಕೂಡಾನೂ ಜಗಳ ಬ್ಯಾಡಪಾ" ಎಂದು ಕೈಮುಗಿದು ದುಡ್ಡಿನ ಗಲ್ಲೆಯ ಮುಂದೆ ಕೂಡುತ್ತೇನೆ. ಜಗಳ ಬರುವುದಿಲ್ಲ. ಅದರ ಬದಲು ಶಿವ ಇಂಥ ಪ್ರಸಂಗಗಳನ್ನು ಕಳಿಸಿಕೊಡುತ್ತಾನೆ.

ಹೆಚ್ಚಿನವು ಬರುವುದು ಡಬ್ಬಿಯ ಬಿಜಾಗರಿಯಿಂದ, ಅಂದರೆ ಮುಚ್ಚಳ ತಿರುಗುವ ಕೀಲಿನಿಂದ. ಈಗಿನ ಸಣ್ಣ ಡಬ್ಬಿಗಳಲ್ಲಿ ಮುಚ್ಚಳ, ಡಬ್ಬಿ ಎರಡೂ ಒಂದೇ ಅಚ್ಚಿನಲ್ಲಿ ಕೂಡಿಯೇ ಹುಟ್ಟುತ್ತವೆ. ನಡುವೆ ಕಾಗದದಷ್ಟು ತೆಳುವಾದ ಒಂದು ಪಟ್ಟಿ, ಅದೇ ಬಿಜಾಗರಿ. ಮೊಳೆಯಿಲ್ಲ, ಕಡ್ಡಿಯಿಲ್ಲ, ತುಕ್ಕಿನ ಭಯವಿಲ್ಲ. ದಪ್ಪ ಇದ್ದಿದ್ದರೆ ಸೀಳುತ್ತಿತ್ತು. ತೆಳ್ಳಗಿರುವುದರಿಂದಲೇ ಬಾಗುತ್ತ ಬಾಗುತ್ತ ಬಾಳುತ್ತದೆ. ಪೂಜೆಗೆ ಕೂತು ಏಳುವಾಗ, ನನ್ನ ಸೊಂಟಕ್ಕೂ ಇಂಥದೊಂದು ಪಟ್ಟಿ ಇಡಬಾರದಿತ್ತೇ ತಂದೆ ಎಂದು ಎಷ್ಟೋ ಸಲ ಕೇಳಿದ್ದೇನೆ.

ಮುರಿಯಿತೆಂದು ಬೈಯಲು ಬರುವವರು ಎಲ್ಲ ಅಂಗಡಿಗೂ ಬರುತ್ತಾರೆ. ಲಗೂ, ಅಂದರೆ ಬೇಗ, ಮುರಿಯುವ ಡಬ್ಬಿಯನ್ನೇ ಹುಡುಕಿಕೊಂಡು ಬಂದವಳು ಒಬ್ಬಳೇ. ಅವಳ ಸುದ್ದಿಗಿಂತ ಮೊದಲು ಎರಡು ಸಣ್ಣವು ಹೇಳಿಬಿಡುತ್ತೇನೆ.

ಗಟ್ಟಿ ಕೆಲಸ

ಹಿನ್ನೀರು ಬಂದು ಊರು ಬಿಟ್ಟ ಬೀಳಗಿ ಕಡೆಯ ರೈತರೊಬ್ಬರು ಹೊಸ ಮನೆಯ ದೇವರ ಜಗಲಿಗೆಂದು ವಿಭೂತಿ ಡಬ್ಬಿ ಕೊಂಡರು. ಅತ್ತ ಇತ್ತ ಹೊರಳಿಸಿ ನೋಡಿ, "ಬಿಜಾಗರಿ ಎಲ್ಲೈತ್ರಿ?" ಎಂದರು.

"ಆ ಪಟ್ಟೀನ ರೀ ಬಿಜಾಗರಿ."

"ಇದೇನು ಬಿಜಾಗರಿ ಬಿಡ್ರಿ. ಇರಲಿ, ನಾ ಹಾಕಸ್ತೀನಿ."

ಮರುವಾರದ ಸಂತೆಗೆ ಬಂದವರು ಹೆಮ್ಮೆಯಿಂದ ಡಬ್ಬಿ ತೋರಿಸಿದರು. ತಗಡಿನ ಕೆಲಸದವನ ಕಡೆ ಕಾದ ಮೊಳೆಯಿಂದ ತೂತು ಹಾಕಿಸಿ, ಪಟ್ಟಿಯ ಮೇಲೆಯೇ ಎರಡು ಹಿತ್ತಾಳೆ ಬಿಜಾಗರಿ ಬಡಿಸಿದ್ದರು. ಪ್ಲಾಸ್ಟಿಕ್ ಕರಗಿ ಮುಚ್ಚಳ, ಡಬ್ಬಿ ಎರಡೂ ಕಚ್ಚಿಕೊಂಡಿದ್ದವು.

"ತೆರೀತೈತೇನ್ರಿ?" ಎಂದೆ.

"ತೆರಿಯೂದಿಲ್ಲ. ತೆರೀದಿದ್ರ ಮುರಿಯೂ ಮಾತೇ ಇಲ್ಲಲ್ರಿ."

ಮಡಿ

ರಬಕವಿಯಿಂದ ಒಬ್ಬ ವಯಸ್ಸಾದ ಆಯಿ ಬಂದಿದ್ದಳು. ನಾನು ಡಬ್ಬಿ ತೆರೆದು ಮುಚ್ಚಿ, "ಮಡಿಕಿ ಡಬ್ಬಿ ನೋಡಬೇ ಆಯಿ, ಎಷ್ಟು ಮಡಚಿದ್ರೂ ಏನೂ ಆಗೂದಿಲ್ಲ" ಎಂದೆ. ಆಕೆಯ ಕಿವಿ ಸ್ವಲ್ಪ ಮಂದ. ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಸಣ್ಣ ಡಬ್ಬಿಗೆ ಇಷ್ಟು ಭಕ್ತಿಯೇ ಎಂದು ನನಗೂ ಸಂತೋಷವಾಯಿತು.

ಕೆಲವು ದಿನ ಬಿಟ್ಟು ಮತ್ತೆ ಬಂದಳು.

"ನಿನ್ನ ಮಡಿ ಡಬ್ಬಿ ಭಾಳ ಛಲೋ ಐತಿ ತಮ್ಮಾ. ಯಾರು ಮುಟ್ಟಿದ್ರೂ ಏನೂ ಆಗೂದಿಲ್ಲ ಅಂದ್ಯಲ್ಲ, ದೇವರ ಸಕ್ರಿ ಅದರಾಗ ಇಟ್ಟೇನಿ. ಈಗ ಒಂದು ಮೈಲಿಗಿ ಡಬ್ಬಿ ಕೊಡು."

"ಅದ್ಯಾಕಬೇ?"

"ಸೊಸಿಗೆ ಬೇಕಂತ. ಮಡೀದು ಕೊಟ್ರ ಉಪವಾಸದ ದಿನ ಅದರಾಗ ಚುರಮರಿ ತಿನ್ನಾಕ ಬರೂದಿಲ್ಲಂತ."

ಆಣೆ

ಇನ್ನು ಆ ಹೆಣ್ಣುಮಗಳು. ಅವಳ ಗಂಡ ಬೆಲ್ಲದ ಪೇಟೆಯಲ್ಲಿ ಹಮಾಲಿ. ತಂಬಾಕಿನ ಡಬ್ಬಿ ಕೊಂಡದ್ದು ನನ್ನ ಹತ್ತಿರವೇ. ಒಂದು ಮಗ್ಗುಲಿಗೆ ತಂಬಾಕು, ಅದರ ಬೆನ್ನಿಗೆ ಸುಣ್ಣ, ಎರಡೂ ಕಡೆ ಮಡಚುವ ಮುಚ್ಚಳ.

"ಅಣ್ಣಾರ, ನಮ್ಮವರ ಡಬ್ಬಿ ಹಂಗ ಕಾಣೂದು, ಆದ್ರ ಲಗೂ ಮುರಿಯೂದು ಕೊಡ್ರಿ. ಗೊತ್ತಾಗಧಂಗ ಬದಲಾಸತೀನಿ."

ಗಂಡನ ಗಲ್ಲದೊಳಗೆ ಬಿಳಿ ಕಲೆ ಎದ್ದಿತ್ತು. ತಂಬಾಕು ಬಿಡದಿದ್ದರೆ ಮುಂದಿನದು ತನ್ನ ಕೈಯಲ್ಲಿಲ್ಲ ಎಂದು ಜಮಖಂಡಿಯ ಡಾಕ್ಟರು ಹೇಳಿದ್ದರು. ಇವನು ಮನೆದೇವರು ಬೀರಪ್ಪನ ಮೇಲೆ ಆಣೆ ಮಾಡಿದ್ದ: ಈ ಡಬ್ಬಿ ಮುರಿದ ದಿನ ಬಿಡುತ್ತೇನೆ, ಆದರೆ ನೀನು ಮುರಿಯಬಾರದು.

"ಅಂಗಡ್ಯಾವ್ರು ಸಾಯೂತನಕ ಮುರಿಯಂಗಿಲ್ಲ ಅಂದಾರ ಅಂತ ನಗತಾನ್ರಿ" ಎಂದಳು. ಅವಳು ನಗಲಿಲ್ಲ.

ಸಾಯೂತನಕ ಎಂಬ ಮಾತನ್ನು ದಿನಾ ಎಷ್ಟು ಸಲ ಆಡುತ್ತೇನೋ. ಅವತ್ತು ಮತ್ತೆ ಯಾರಿಗೂ ಆಡಲಿಲ್ಲ. ಕಳಪೆ ಮಾಲು ನನ್ನಲ್ಲಿರಲಿಲ್ಲ; ಇದ್ದರೂ ದೇವರ ಆಣೆಯೊಳಗೆ ಮೋಸ ತುರುಕಲು ಮನಸ್ಸು ಬರಲಿಲ್ಲ. "ದೇವರ ಮ್ಯಾಲ ಬಿಡವ್ವಾ" ಎಂದು ಕಳಿಸಿದೆ. ರಾತ್ರಿ ಪೂಜೆಯಲ್ಲಿ, ನಿನ್ನ ಮೇಲೆ ಬಿಟ್ಟಿದ್ದೇನೆ, ನನ್ನ ಮಾತು ಉಳಿಸು ಎಂದೆ.

ಎರಡು ದಿನಕ್ಕೆ ಗಂಡ ಬಂದ. ಹಣೆಯೆಲ್ಲ ಅರಿಶಿನ, ಮೂಗಿನ ತುದಿಯವರೆಗೂ ಇಳಿದಿತ್ತು.

"ಇನ್ನೊಂದು ಡಬ್ಬಿ ಕೊಡ್ರಿ. ಸುಣ್ಣದ ಮನ್ಯಾಗ ಬೀರಪ್ಪ ಬಂದು ಕುಂತಾನ."

ಹೆಂಡತಿ ಡಬ್ಬಿಯ ಸುಣ್ಣ ತೊಳೆದು, ಆ ಕಡೆ ಬೀರಪ್ಪನ ಗುಡಿಯ ಭಂಡಾರದ ಅರಿಶಿನ ತುಂಬಿಟ್ಟಿದ್ದಳು.

"ತೆಗೆದುಬಿಡು" ಎಂದೆ.

"ಭಂಡಾರ ಚೆಲ್ಲೂದು ಹೆಂಗ್ರಿ? ಹಣಿಗೆ ಹಚ್ಚಿ ಹಚ್ಚಿ ತೀರಸ್ತೀನಿ, ಆಕಿ ಮತ್ತ ತುಂಬತಾಳ."

"ಹಂಗಾರ ಸುಣ್ಣ ಬಿಟ್ಟು ಬರೇ ತಂಬಾಕ ತಿನ್ನು."

"ದೇವರ ಬೆನ್ನಿಗೆ ತಂಬಾಕ ಹೆಂಗ ಇಡೂದ್ರಿ?"

ನಾನು ಹೊಸ ಡಬ್ಬಿ ತೆಗೆದು ಗಲ್ಲೆಯ ಮೇಲಿಟ್ಟೆ. "ತಗೋ. ಆದ್ರ ಒಂದು ಮಾತು. ಹೊಸಾದು ಬೇಕಾತಂದ್ರ ಹಳೇದು ಕೆಲಸಕ್ಕ ಬರೂದಿಲ್ಲಂತಾತು. ಕೆಲಸಕ್ಕ ಬರಧಂಗಾದ್ರ ಮುರದಂಗ. ಮುರದ್ರ ಆಣಿ ಏನಿತ್ತು?"

ಅವನು ಹಳೆಯ ಡಬ್ಬಿಯನ್ನು ಬಹಳ ಹೊತ್ತು ತೆರೆದು ಮುಚ್ಚಿ ಮಾಡಿದ. ಆಮೇಲೆ ಇನ್ನೊಂದು ಚಿಟಿಕೆ ಹಣೆಗೆ ಹಚ್ಚಿಕೊಂಡು, ಹೊಸದನ್ನು ಮುಟ್ಟದೆ ಹೋದ.

ಕೆಲವು ತಿಂಗಳಾದ ಮೇಲೆ ಹೆಂಡತಿ ಒಂದು ಬೆಲ್ಲದ ಹೆಂಟೆ ತಂದು ನನ್ನ ದೇವರ ಪಟದ ಮುಂದಿಟ್ಟಳು. ಗಂಡ ತಂಬಾಕು ಮುಟ್ಟಿರಲಿಲ್ಲ; ಗಲ್ಲದ ಕಲೆ ಮಾಯುತ್ತಿದೆ ಎಂದು ಡಾಕ್ಟರು ಹೇಳಿದ್ದರಂತೆ. ನನ್ನ ಕಣ್ಣು ತುಂಬಿತು.

"ದೇವರ ಮ್ಯಾಲ ಬಿಟ್ಟದ್ದು ಛಲೋ ಆತು ನೋಡವ್ವಾ."

"ನೀವು ಮ್ಯಾಲ ಬಿಡು ಅಂದ್ರಿ. ಒಳಗ ಇಟ್ರ ಲಗೂ ಆಗತೈತಿ ಅಂತ ನಾ ಒಳಗ ಇಟ್ಟೆ" ಎಂದಳು. ಹೊರಡಲಿಲ್ಲ. ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು.

"ತಂಬಾಕಿನ ಮಗ್ಗಲಾ ಖಾಲಿ ಇತ್ತಲ್ರಿ ಅಣ್ಣಾರ, ಅದರಾಗ ಈಗ ಬೆಲ್ಲ ತುಂಬಕೊಂಡು ದಿನಾಪೂರ್ತಿ ತಿನ್ನಾಕತ್ತಾನ. ದೇವರ ಬೆನ್ನಿಗೆ ಬೆಲ್ಲ ನಡೀತೈತಂತ. ಡಾಕ್ಟರು ಶುಗರ್ ಬಂದೈತಿ ಅಂದ್ರು. ಲಗೂ ಮುರಿಯೂ ಮಾಲು ಈ ಸಲ ಏನರ ಬಂದೈತೇನ್ರಿ?"