‘ಗಳು’ ತಂದ ಗೋಳು

ಆ ಭಾನುವಾರ ನಡೆದ ಅಷ್ಟೂ ಅವಾಂತರಕ್ಕೆ ಕಾರಣ ಒಂದೇ ಒಂದು ‘ಗಳು’.

ಅಡ್ಮಿನಮ್ಮನ ಫೋನಿನಲ್ಲಿ ಎರಡು ಗ್ರೂಪ್‌ಗಳು ಒಂದರ ಕೆಳಗೊಂದು ಕೂತಿದ್ದವು. ಮೊದಲನೆಯದರ ಹೆಸರು ‘ನಮ್ಮ ಮನೆ’. ಅದರಲ್ಲಿ ಗಂಡ, ಮಗಳು, ಅತ್ತೆ, ಬೇರೆ ಊರಿನಲ್ಲಿದ್ದ ನಾದಿನಿ. ಎರಡನೆಯದರ ಹೆಸರು ‘ನಮ್ಮ ಮನೆಗಳು’. ಅದು ಇಡೀ ಬಿಲ್ಡಿಂಗಿನದು. ಮನೆಗೊಬ್ಬರಂತೆ ಸೇರಿಕೊಂಡು ನೀರು ಬಂತೇ, ಲಿಫ್ಟ್ ಕೆಟ್ಟಿತೇ ಎಂದು ವಿಚಾರಿಸಿಕೊಳ್ಳುವ ಜಾಗ. ‘ನಮ್ಮ ಮನೆ’ಯನ್ನು ಕಟ್ಟಿ, ಅದಕ್ಕೆ ಕಾಯಿದೆ ಕಾನೂನು ಮಾಡಿ ದರ್ಬಾರು ನಡೆಸುತ್ತಿದ್ದದ್ದರಿಂದ ಮಗಳೇ ಆಕೆಗೆ ಅಡ್ಮಿನಮ್ಮ ಎಂದು ಹೆಸರಿಟ್ಟಿದ್ದಳು. ಬರಬರುತ್ತಾ ಗಂಡನೂ ಹಾಗೇ ಕರೆಯತೊಡಗಿದ್ದ, ಆಕೆ ಎದುರಿಗಿಲ್ಲದಾಗ.

ಕಾನೂನುಗಳು ಬಿಗಿಯಾಗಿದ್ದವು. ಊಟದ ಮೇಜಿನ ಮೇಲೆ ಫೋನ್ ಇಡಬಾರದು. ಬಚ್ಚಲಿಗೆ ಒಯ್ಯಬಾರದು. ಭಾನುವಾರ ತಿಂಡಿಗೆ ಮೊದಲು ಎಲ್ಲರ ಫೋನೂ ಆಕೆಯೇ ಹೊಲಿದ ಬಟ್ಟೆಯ ಚೀಲಗಳೊಳಗೆ ಸೇರಿ, ತಗಡಿನ ಪೆಟ್ಟಿಗೆಗೆ ಹೋಗಿ ಬೀಗ ಬಿದ್ದರೆ ಕತ್ತಲಾಗುವವರೆಗೂ ತೆಗೆಯುವ ಹಾಗಿಲ್ಲ. ಮನೆಮಂದಿ ವಾರಕ್ಕೊಂದು ದಿನವಾದರೂ ಮುಖಕ್ಕೆ ಮುಖ ಕೊಟ್ಟು ಮಾತಾಡಲಿ ಎಂಬುದು ಆಕೆಯ ಆಸೆ. ಆಸೆಯೇನೋ ಒಳ್ಳೆಯದೇ. ಆದರೆ ಭಾನುವಾರ ಬಂತೆಂದರೆ ಗಂಡನಿಗೆ ಕ್ಷೌರ ಮಾಡಿಸಿಕೊಳ್ಳುವುದಿರುತ್ತಿತ್ತು, ಮಗಳಿಗೆ ಈಜಲು ಹೋಗುವುದಿರುತ್ತಿತ್ತು, ಅತ್ತೆಗೆ ತಲೆನೋವಿರುತ್ತಿತ್ತು. ವಾರವಾರ ಕ್ಷೌರ ಮಾಡಿಸಿಕೊಳ್ಳುವಷ್ಟು ಕೂದಲು ಗಂಡನ ತಲೆಯಲ್ಲಿ ಇರಲಿಲ್ಲ ಎಂಬುದು ಮಾತ್ರ ಆಕೆಗೆ ಹೊಳೆದೇ ಇರಲಿಲ್ಲ.

ಆವತ್ತೂ ಮೂರು ಚೀಲಗಳು ಪೆಟ್ಟಿಗೆ ಸೇರಿದವು. ಗಂಡ ಕ್ಷೌರಕ್ಕೆ ಹೋದ, ಮಗಳು ಈಜಲು ಹೋದಳು, ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡರು. ಅಡ್ಮಿನಮ್ಮ ತನ್ನ ಫೋನನ್ನೂ ಚೀಲಕ್ಕೆ ಹಾಕುವ ಮುನ್ನ ಒಮ್ಮೆ ಕಣ್ಣಾಡಿಸಿದಳು. ‘ನಮ್ಮ ಮನೆ’ ಎಂಬ ಹೆಸರಿನಡಿ ಒಂದು ಸಾಲು ಸಣ್ಣಗೆ ಕೂತಿತ್ತು: ಅತ್ತೆ ಗ್ರೂಪ್ ಬಿಟ್ಟು ಹೋಗಿದ್ದಾರೆ.

ಆಕೆಗೆ ಹಿಂದಿನ ದಿನ ಸಂಜೆ ತಾನಾಡಿದ ಮಾತು ನೆನಪಾಯಿತು. ಅತ್ತೆಗೆ ಬೆಳಗಾದರೆ ಗ್ರೂಪಿಗೆ ಹೂವಿನ ಚಿತ್ರ ಕಳಿಸುವ ಚಟ. ಗುಲಾಬಿ, ಕಮಲ, ಮಿಣಮಿಣ ಮಿಂಚುವ ಸೇವಂತಿಗೆ. ಎಲ್ಲರ ಫೋನುಗಳೂ ತುಂಬಿ ಉಸಿರು ಕಟ್ಟಿದ್ದವು. "ಅತ್ತೆ, ಇಷ್ಟೊಂದು ಹೂವು ಕಳಿಸೋದಾದ್ರೆ ಒಂದು ಹೂವಿನಂಗಡಿನೇ ಇಟ್ಕೊಂಡ್ಬಿಡಿ," ಎಂದುಬಿಟ್ಟಿದ್ದಳು, ಅದೂ ಮಗಳೆದುರಿಗೆ. ಅತ್ತೆ ಎದ್ದು ಒಳಗೆ ಹೋಗಿದ್ದರು.

ಈಗ ನಾದಿನಿ ಇದನ್ನು ನೋಡಿದರೆ ಕತ್ತಲಾಗಿ ಪೆಟ್ಟಿಗೆ ತೆಗೆದ ಕೂಡಲೇ ತಾಯಿಗೆ ಫೋನ್ ಮಾಡುತ್ತಾಳೆ, ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾಳೆ. ಅವಳಿಗಿಂತ ಮೊದಲು ತಾನೇ ವಿಷಯ ಹೇಳಿಬಿಡುವುದು ವಾಸಿ ಎಂದುಕೊಂಡು ಅಡ್ಮಿನಮ್ಮ ಚಕಚಕನೆ ಬರೆದಳು. ಆಕೆಗೆ ಕೆಲಸ ಕನ್ನಡಕದ ಅಂಗಡಿಯಲ್ಲಿ. ಕನ್ನಡಕ ಇರಬೇಕಾದದ್ದು ಮೂಗಿನ ಮೇಲೆ ಎಂದು ದಿನವಿಡೀ ಗಿರಾಕಿಗಳಿಗೆ ಹೇಳುವ ಆಕೆಯ ಸ್ವಂತ ಕನ್ನಡಕ ಆ ಹೊತ್ತಿಗೆ ನೆತ್ತಿಯ ಮೇಲಿತ್ತು. ಗ್ರೂಪ್ ತೆರೆಯುವಾಗಲೇ ಬೆರಳು ಒಂದು ಸಾಲು ಕೆಳಗೆ ಜಾರಿತ್ತು. ‘ನಮ್ಮ ಮನೆ’ಗೆ ಹೋಗಬೇಕಾದದ್ದು ‘ನಮ್ಮ ಮನೆಗಳು’ ಗ್ರೂಪಿಗೆ ಹೋಯಿತು:

"ಅತ್ತೆ ಬೆಳಿಗ್ಗೆ ಹೋಗಿಬಿಟ್ಟರು. ಯಾರಿಗೂ ಒಂದು ಮಾತೂ ಹೇಳಲಿಲ್ಲ. ನಿನ್ನೆ ನಾನು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಂಡರೋ ಏನೋ. ಯಾರೂ ಗಾಬರಿಯಿಂದ ಫೋನ್ ಮಾಡಬೇಡಿ. ಸಂಜೆ ಎಲ್ಲರೂ ಸೇರಿದ ಮೇಲೆ ಮುಂದಿನದು ನೋಡೋಣ."

ಕಳಿಸಿ, ಫೋನನ್ನು ಸದ್ದಡಗಿಸಿ, ಪೆಟ್ಟಿಗೆಗೆ ಬೀಗ ಜಡಿದಳು. ಅತ್ತೆಯ ಬಾಗಿಲು ತಟ್ಟಿ ಮಾತಾಡಿಸಲು ಧೈರ್ಯ ಸಾಲದೆ ಬಾಲ್ಕನಿಗೆ ಹೋಗಿ, ಮುಂಬಾಗಿಲಿಗೆ ಬೆನ್ನು ಹಾಕಿ, ಒಗೆದ ಬಟ್ಟೆ ಒಣಹಾಕತೊಡಗಿದಳು.

ಮೊದಲು ಬಂದವರು ಕೆಳಗಿನ ಮನೆಯ ಟೀಚರ್. ಅತ್ತೆಯ ವಾರಿಗೆಯವರು, ದಿನಾ ಅತ್ತೆಯ ಜೊತೆ ವಾಕಿಂಗ್ ಹೋಗುವವರು. ಬಾಗಿಲು ತೆಗೆದದ್ದೇ ತಡ, ಅಡ್ಮಿನಮ್ಮನನ್ನು ತಬ್ಬಿಕೊಂಡರು.

"ಹೀಗಾಗಬಾರದಿತ್ತು ಕಣಮ್ಮಾ!"

ಅತ್ತೆ ತನ್ನ ಮೇಲಿನ ದೂರನ್ನು ಆಗಲೇ ಕೆಳಗಿನ ಮನೆಗೂ ಮುಟ್ಟಿಸಿದ್ದಾರೆ ಎಂದು ಅಡ್ಮಿನಮ್ಮನಿಗೆ ಮುಖ ಸಣ್ಣದಾಯಿತು. "ನಿಮಗೂ ಗೊತ್ತಾಯ್ತಾ?"

"ಇಡೀ ಬಿಲ್ಡಿಂಗಿಗೇ ಗೊತ್ತಾಗಿದೆ. ಇದೆಲ್ಲ ಮುಚ್ಚಿಡೋ ವಿಷಯಾನಾ?"

"ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ ಟೀಚರ್. ಹೋಗೋರು ಒಂದು ಮಾತು ಹೇಳಿ ಹೋಗ್ಬಹುದಿತ್ತು."

"ಅದು ನಮ್ಮ ಕೈಲಿದೆಯಾ ತಾಯಿ?"

"ಯಾಕಿಲ್ಲ? ಬೆರಳಲ್ಲಿ ಒಂದು ಸಲ ಒತ್ತಿದ್ರಾಯ್ತು, ಹೋಗೇಬಿಡಬಹುದು. ಇರ್ಲಿ, ಸಂಜೆ ಮತ್ತೆ ಸೇರಿಸ್ಕೋತೀನಿ."

ಟೀಚರ್ ಆಕೆಯ ಕೆನ್ನೆ ಸವರಿದರು. ದುಃಖ ಹೆಚ್ಚಾದರೆ ಹೀಗೆಲ್ಲ ಮಾತಾಡುತ್ತಾರೆ ಎಂದು ಅವರು ಎಲ್ಲೋ ಓದಿದ್ದರು. ಕೋಣೆಯತ್ತ ನೋಡಿ ದನಿ ತಗ್ಗಿಸಿ, "ಒಳಗೇ ಇದ್ದಾರಾ?" ಎಂದರು.

"ಹೂಂ, ಮಲಗಿದ್ದಾರೆ. ಎಬ್ಬಿಸೋದು ಬೇಡ ಅಂತ ಸುಮ್ನಿದ್ದೀನಿ."

ಟೀಚರ್ ಗೊಳೋ ಎಂದು ಅತ್ತುಬಿಟ್ಟರು.

ಅಷ್ಟರಲ್ಲಿ ಬಿಲ್ಡಿಂಗಿನ ಸೆಕ್ರೆಟರಿ ಬಂದರು. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಇನ್ನೊಬ್ಬರ ಕಷ್ಟವೆಂದರೆ ಪ್ರಾಣ. ಹಿಂದೆಯೇ ಮಡಚುವ ಕುರ್ಚಿಗಳನ್ನು ಹೊತ್ತು ಎದುರು ಮನೆಯವರು, ಅವರ ಹಿಂದೆ ಹೂವು ಹಿಡಿದ ಮೇಲಿನ ಮನೆಯವರು. ಹಾಲಿನಲ್ಲಿ ಕುರ್ಚಿಗಳು ಪಟಪಟನೆ ಬಿಚ್ಚಿಕೊಂಡವು. ಬಂದವರೆಲ್ಲ ಪಿಸಪಿಸ ಮಾತಾಡುತ್ತಾ, ನಡುನಡುವೆ ಅಡ್ಮಿನಮ್ಮನನ್ನು ಒಂಥರಾ ನೋಡುತ್ತಾ ಕೂತರು. ನಿನ್ನೆ ಇವಳು ಅತ್ತೆಗೆ ಅಂದದ್ದಾದರೂ ಏನು ಎಂಬ ಪ್ರಶ್ನೆ ಎಲ್ಲರ ಮುಖದ ಮೇಲೂ ಇತ್ತು.

"ಲಿಫ್ಟ್ ಕೆಟ್ಟು ನಿಂತಿದೆ ಮೇಡಂ," ಎಂದರು ಸೆಕ್ರೆಟರಿ ಗಂಭೀರವಾಗಿ. "ಸಂಜೆ ಅವರನ್ನ ಹೇಗೆ ಕೆಳಗಿಳಿಸೋದು ಅಂತ ಯೋಚನೆ."

"ಯಾಕೆ ಸರ್? ಮೆಟ್ಟಿಲಿಳಿದು ನಡ್ಕೊಂಡೇ ಹೋಗ್ತಾರೆ. ದಿನಾ ಹೋಗಲ್ವಾ?"

ಸೆಕ್ರೆಟರಿ ಟೀಚರ ಮುಖ ನೋಡಿದರು. ಟೀಚರ್ ತಲೆಯ ಹತ್ತಿರ ಬೆರಳು ತಿರುಗಿಸಿ, ಪಾಪ ಎಂಬಂತೆ ಕಣ್ಣು ಮುಚ್ಚಿದರು. ಸೆಕ್ರೆಟರಿ ಕೆಮ್ಮಿ, ಜೇಬಿನಿಂದ ಒಂದು ಹಾಳೆ ತೆಗೆದರು.

"ಕೆಳಗಡೆ ಬೋರ್ಡಿಗೆ ಅಂಟಿಸೋಕೆ ಪ್ರಿಂಟ್ ತೆಗೆಸಿದೆ. ಅಕ್ಷರ ತಪ್ಪಿದೆಯಾ ಒಂದು ಸಲ ನೋಡ್ಬಿಡಿ."

ಅಡ್ಮಿನಮ್ಮ ಕನ್ನಡಕವನ್ನು ನೆತ್ತಿಯಿಂದ ಮೂಗಿಗೆ ಇಳಿಸಿದಳು. ಹಾಳೆಯ ಮೇಲೆ ಅತ್ತೆಯ ನಗುಮುಖ, ಸುತ್ತ ಕಪ್ಪು ಗೆರೆ. ಕೆಳಗೆ, ‘ನಮ್ಮ ಕಟ್ಟಡದ ಹಿರಿಯ ಜೀವ ಇಂದು ಬೆಳಿಗ್ಗೆ ನಮ್ಮನ್ನೆಲ್ಲ ಅಗಲಿದೆಯೆಂದು ತಿಳಿಸಲು ವಿಷಾದಿಸುತ್ತೇವೆ.’

"ಅಯ್ಯಯ್ಯೋ!" ಎಂದು ಆಕೆ ಚೀರಿದ್ದಕ್ಕೆ ಮೇಲಿನ ಮನೆಯವರ ಕೈಯಿಂದ ಹೂವು ಬಿತ್ತು. "ಅತ್ತೆ ಸತ್ತಿಲ್ಲಾ ರೀ! ಗ್ರೂಪ್ ಬಿಟ್ಟಿದ್ದಾರೆ, ಅಷ್ಟೇ!"

"ಸಮಾಧಾನ ಮಾಡ್ಕೊಳಮ್ಮ. ಎಲ್ಲರೂ ಒಂದಿನ ಈ ಗ್ರೂಪ್ ಬಿಡಲೇಬೇಕು," ಎಂದರು ಟೀಚರ್ ಬೆನ್ನು ಸವರುತ್ತಾ.

"ಆ ಗ್ರೂಪಲ್ಲ, ಫೋನಿನ ಗ್ರೂಪು! ಬನ್ನಿ, ನೀವೇ ನೋಡಿ, ಗುಂಡುಕಲ್ಲಿನ ಹಾಗಿದ್ದಾರೆ!" ಎನ್ನುತ್ತಾ ಆಕೆ ಧಡಧಡನೆ ಹೋಗಿ ಕೋಣೆಯ ಬಾಗಿಲು ತಳ್ಳಿದಳು. ಬಿಲ್ಡಿಂಗಿಗೆ ಬಿಲ್ಡಿಂಗೇ ಹಿಂದೆ ಬಂದು ಇಣುಕಿತು.

ಹಾಸಿಗೆ ಖಾಲಿ. ಹೊದಿಕೆ ನೀಟಾಗಿ ಮಡಚಿಟ್ಟಿತ್ತು. ಮಂಚದ ಕೆಳಗೆ ಚಪ್ಪಲಿ ಇರಲಿಲ್ಲ.

ಸೆಕ್ರೆಟರಿ ಮೆಲ್ಲನೆ, "ನಿನ್ನೆ ಅವರಿಗೆ ಏನಂದ್ರಿ ಮೇಡಂ?" ಎಂದರು.

"ಹೂವಿನಂಗಡಿ ಇಟ್ಕೊಳ್ಳಿ ಅಂದೆ," ಎಂದಳು ಅಡ್ಮಿನಮ್ಮ. ಅಷ್ಟು ಜನರ ಮುಂದೆ ಹೇಳುವಾಗ ಆ ಮಾತು ಎಷ್ಟು ಒರಟಾಗಿತ್ತೆಂಬುದು ಆಕೆಗೇ ಕೇಳಿಸಿತು. ಇಷ್ಟು ಹೊತ್ತು ಬೇರೆಯವರ ಅಳು ನೋಡಿ ಕಕ್ಕಾಬಿಕ್ಕಿಯಾಗಿದ್ದವಳಿಗೆ ಈಗ ನಿಜವಾಗಿ ಅಳು ಬಂತು. ವಯಸ್ಸಾದವರು ಯಾರಿಗೂ ಹೇಳದೆ ಎಲ್ಲಿಗೆ ಹೋದರು? ಯಾವ ರಸ್ತೆಯಲ್ಲಿ ತಲೆಸುತ್ತಿ ಕೂತಿದ್ದಾರೋ? ದಿನಾ ಬೆಳಿಗ್ಗೆ ಹೂವು ಬಂತೆಂದರೆ ಅತ್ತೆ ಎದ್ದಿದ್ದಾರೆ, ಚೆನ್ನಾಗಿದ್ದಾರೆ ಎಂದು ಗೊತ್ತಾಗುತ್ತಿತ್ತಲ್ಲ. ಆವತ್ತು ಹೂವೇ ಬಂದಿರಲಿಲ್ಲ. ಅತ್ತೆ ಸುರಕ್ಷಿತವಾಗಿ ಮನೆಗೆ ಬಂದರೆ ಸಾಕು, ಇಡೀ ತೋಟವನ್ನೇ ಕಳಿಸಲಿ.

"ಫೋನ್ ಮಾಡಿ ನೋಡಮ್ಮ," ಎಂದರು ಟೀಚರ್.

"ಅವರ ಫೋನ್ ಪೆಟ್ಟಿಗೇಲಿದೆ. ಇವರದ್ದೂ ಅಲ್ಲೇ ಇದೆ. ಮಗಳದ್ದೂ ಅಲ್ಲೇ. ಇವತ್ತು ಭಾನುವಾರ!" ಎಂದು ಆಕೆ ಬಿಕ್ಕಿದಳು. ಆದರೂ ಅತ್ತೆ ಕೊನೆಯದಾಗಿ ಯಾರಿಗೆ ಫೋನ್ ಮಾಡಿದ್ದರೆಂದು ನೋಡಿದರೆ ಸುಳಿವಾದರೂ ಸಿಕ್ಕೀತು. ಪೆಟ್ಟಿಗೆ ತಂದು ಅತ್ತೆಯ ಮಂಚದ ಮೇಲಿಟ್ಟು, ಬೀಗ ತೆಗೆದು, ಅತ್ತೆಯ ಚೀಲದೊಳಗೆ ಕೈ ಹಾಕಿದಳು.

ಬಂದದ್ದು ಒಂದು ಹೊಸ ಸೋಪು.

ಗಂಡನ ಚೀಲದಿಂದ ಬೂಟ್‌ಪಾಲಿಶ್ ಡಬ್ಬಿ ಬಂತು. ಮಗಳ ಚೀಲದಿಂದ ಅರ್ಧ ತಿಂದ ಚಾಕೊಲೇಟ್ ಬಂತು. ಆ ಪೆಟ್ಟಿಗೆಯಲ್ಲಿ ಫೋನ್ ಎಂದು ಇದ್ದದ್ದು ಅಡ್ಮಿನಮ್ಮನದೊಂದೇ.

ಆಕೆ ಬೆಪ್ಪಾಗಿ ಸೋಪನ್ನೂ ಸೆಕ್ರೆಟರಿಯನ್ನೂ ನೋಡಿದಳು. ಮರುಕ್ಷಣವೇ ತನ್ನ ಫೋನಿನಿಂದ ಅತ್ತೆಗೆ ಕರೆ ಮಾಡಿ ಸ್ಪೀಕರ್ ಹಾಕಿದಳು. ಅತ್ತ ಕಡೆ ರಿಂಗಾಯಿತು.

"ಹಲೋ?" ಎಂದಿತು ಅತ್ತೆಯ ದನಿ.

"ಅತ್ತೆ! ಎಲ್ಲಿದ್ದೀರಾ?"

ದನಿ ತಟ್ಟನೆ ನರಳತೊಡಗಿತು. "ಎಲ್ಲಿರ್ತೀನಿ ಕಣೇ? ರೂಮಲ್ಲೇ ಮಲಗಿದ್ದೀನಿ. ತಲೆ ಸಿಡೀತಾ ಇದೆ."

ಹಿಂದಿನಿಂದ ಗಂಡನ ದನಿ ಕೇಳಿಸಿತು: "ಅಮ್ಮಾ, ನಿನ್ನ ಕಾಫಿಗೆ ಸಕ್ಕರೆ ಹಾಕ್ಲಾ?" ಅದರ ಹಿಂದೆಯೇ ಮಗಳದು: "ಅಜ್ಜೀ, ಇಲ್ಲಿ ನೋಡು, ನಗು ನಗು, ಫೋಟೋ ತೆಗೀತಿದ್ದೀನಿ."

"ಅತ್ತೆ," ಎಂದಳು ಅಡ್ಮಿನಮ್ಮ, "ನಾನು ನಿಮ್ಮ ರೂಮಲ್ಲೇ ನಿಂತಿದ್ದೀನಿ. ಬಿಲ್ಡಿಂಗಿನವರೆಲ್ಲ ನಿಂತಿದ್ದಾರೆ."

ಅತ್ತ ಕಡೆ ಕಪ್ಪೊಂದನ್ನು ಬಸಿಯ ಮೇಲಿಟ್ಟ ಸದ್ದು ಬಂತು.

"ಹಾಗಾದ್ರೆ ನಾನು ಕಾಫಿ ಅಂಗಡೀಲಿದ್ದೀನಿ ಕಣಮ್ಮ," ಎಂದರು ಅತ್ತೆ.

"ಯಾರಮ್ಮಾ ಅದು? ಅವಳಾ? ನಾನಿಲ್ಲ ಅಂತ ಹೇಳು!" ಎಂದ ಗಂಡ.

ಅಡ್ಮಿನಮ್ಮ ಮಂಚದ ಮೇಲೆ ಕುಸಿದು ಕೂತು ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು. ಮೋಸ ಹೋದೆನೆಂಬ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅತ್ತೆ ಬದುಕಿದ್ದಾರೆ, ಕೋಪಿಸಿಕೊಂಡೂ ಇಲ್ಲ, ಕಾಫಿ ಕುಡಿಯುತ್ತಿದ್ದಾರೆ ಎಂಬ ನೆಮ್ಮದಿಯೇ ಎದೆ ತುಂಬಿತ್ತು. ಟೀಚರ್ ಮೂಗು ಒರೆಸಿಕೊಂಡು, "ನನ್ನನ್ನೊಂದು ಮಾತು ಕರೀಲಿಲ್ಲ ನೋಡು," ಎಂದು ಮುನಿಸಿಕೊಂಡರು.

ಮೂವರೂ ಕಳ್ಳಬೆಕ್ಕುಗಳ ಹಾಗೆ ಮನೆಯೊಳಗೆ ಬಂದಾಗ ಹಾಲಿನಲ್ಲಿ ಯಾರೂ ಜಾಗ ಬಿಟ್ಟು ಕದಲಿರಲಿಲ್ಲ. ಅಷ್ಟು ಕುರ್ಚಿ ಹೊತ್ತು ತಂದಿದ್ದಕ್ಕೆ ಏನಾದರೂ ನೋಡಿಯೇ ಹೋಗುವುದೆಂದು ಎಲ್ಲರೂ ತೀರ್ಮಾನಿಸಿದ್ದರು. ಅತ್ತೆ ಕಪ್ಪು ಗೆರೆಯ ಹಾಳೆ ಕೈಗೆತ್ತಿಕೊಂಡು, "ಇದ್ಯಾವ ಹಾಳು ಫೋಟೋ ಹಾಕಿದ್ದೀರಿ? ಇದಕ್ಕಿಂತ ಚೆನ್ನಾಗಿರೋದು ಇರಲಿಲ್ವಾ?" ಎಂದರು. ಗ್ರೂಪ್ ಬಿಟ್ಟದ್ದೇಕೆ ಎಂದರೆ, "ಬಿಟ್ನಾ? ಯಾವಾಗ? ಸದ್ದು ಕಮ್ಮಿ ಮಾಡೋಣ ಅಂತ ಏನೋ ಒತ್ತಿದೆ, ಆಚೆ ಬಿದ್ದಿರ್ಬೇಕು," ಎಂದರು.

ಹಾಗಾದರೆ ಆ ಹೂವಿನಂಗಡಿಯ ಮಾತು?

"ಅದಾ? ಒಳ್ಳೇ ಐಡಿಯಾ ಅಂತ ನಾನೂ ಯೋಚನೆ ಮಾಡ್ತಿದ್ದೆ."

ಅಡ್ಮಿನಮ್ಮನಿಗೆ ಈಗ ಜೀವ ಬಂದಂತಾಯಿತು. ಜೀವದ ಜೊತೆ ಅಧಿಕಾರವೂ ಮರಳಿತು. ಎದ್ದು ನಿಂತು ಗಂಡನನ್ನು ದುರುಗುಟ್ಟಿ ನೋಡಿ, "ಇದಕ್ಕೇ ನಾನು ಬಡ್ಕೊಳ್ಳೋದು. ಎಲ್ಲಾ ರಾದ್ಧಾಂತಕ್ಕೂ ಈ ಫೋನೇ ಕಾರಣ!" ಎಂದಳು.

"ಯಾರ ಫೋನು?" ಎಂದ ಗಂಡ ಮೆತ್ತಗೆ.

ಪ್ರಶ್ನೆ ಸೆಕ್ರೆಟರಿಯ ಮನಸ್ಸಿಗೆ ಬಹಳ ಹಿಡಿಸಿತು. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಯೋಚನೆ ಮಾಡ್ಬೇಕಾದ ಮಾತೇ. ಈ ಮನೆಯ ಮೂರು ಫೋನು ಕಾಫಿ ಅಂಗಡೀಲಿ ಯಾರ ತಂಟೆಗೂ ಹೋಗದೆ ಕೂತಿದ್ವು. ಪೆಟ್ಟಿಗೆಯೊಳಗೆ ಬೀಗ ಹಾಕ್ಕೊಂಡಿದ್ದ ಒಂದೇ ಒಂದು ಫೋನು ಒಬ್ಬರ ಜೀವಾನೇ ತೆಗೀತು!"

ಕುರ್ಚಿಗಳೆಲ್ಲ ಹೌದು ಹೌದು ಎಂದವು. ಅಲ್ಲಿಗೆ ತೀರ್ಪಾಯಿತು. ಉಳಿದವರ ಫೋನು ಅವರವರ ಕೈಯಲ್ಲೇ ಇರಲಿ. ಅಡ್ಮಿನಮ್ಮನ ಫೋನು ಮಾತ್ರ ಭಾನುವಾರವೆಂದಲ್ಲ, ವಾರವಿಡೀ ಪೆಟ್ಟಿಗೆಯಲ್ಲಿರಲಿ. ಕೀಲಿ ಅತ್ತೆಯ ಹತ್ತಿರವಿರಲಿ. ಮಗಳು ಚಪ್ಪಾಳೆ ತಟ್ಟಿದಳು.

ಅಡ್ಮಿನಮ್ಮ ವಾದಿಸಲು ಬಾಯಿ ತೆರೆದಳು. ಅತ್ತೆ ಎದುರಿಗೇ ಕೂತು, ತಮ್ಮ ಸಾವಿಗೆಂದು ಬಂದ ಹೂವುಗಳ ಫೋಟೋವನ್ನು ಒಂದೊಂದಾಗಿ ತೆಗೆಯುತ್ತಿದ್ದರು, ನಾಳೆ ಕಳಿಸಲು. ಅದನ್ನು ನೋಡಿ ಆಕೆಗೆ ವಾದ ಮರೆತೇಹೋಯಿತು. "ಆಗ್ಲಿ ಬಿಡಿ," ಎಂದು ಕೀಲಿಯನ್ನು ಅತ್ತೆಯ ಕೈಗೆ ಹಾಕಿದಳು.

ಕುರ್ಚಿಗಳು ಮಡಚಿಕೊಂಡು ಹೋದ ಮೇಲೆ, ಸಂಜೆ ಆಕೆ ಅತ್ತೆಯ ಬಾಗಿಲಲ್ಲಿ ಬಂದು ನಿಂತಳು. "ಅತ್ತೆ, ಬಿಲ್ಡಿಂಗ್ ಗ್ರೂಪಲ್ಲಿ ಇನ್ನೂ ಯಾರ್ಯಾರೋ ಕಣ್ಣೀರು ಹಾಕ್ತಿರ್ತಾರೆ. ನೀವು ಬದುಕಿದ್ದೀರಿ ಅಂತ ಒಂದು ಸಾಲು ಬರೀಬೇಕಿತ್ತು."

"ಬಟ್ಟೆ ಮಡಚಿ ಆಯ್ತಾ?"

"ಆಯ್ತು ಅತ್ತೆ."

"ಸರಿ. ಬರೆದ ತಕ್ಷಣ ವಾಪಸ್ ಕೊಡ್ಬೇಕು. ಒಳಗೆಲ್ಲೂ ತಗೊಂಡ್ಹೋಗೋ ಹಾಗಿಲ್ಲ, ಇಲ್ಲೇ ನನ್ನೆದುರಿಗೆ ಕೂತ್ಕೊಂಡು ಬರಿ," ಎನ್ನುತ್ತಾ ಅತ್ತೆ ಪೆಟ್ಟಿಗೆಯ ಬೀಗ ತೆಗೆದರು. ಅಡ್ಮಿನಮ್ಮ ಜಾಣ ಹುಡುಗಿಯ ಹಾಗೆ ಅವರ ಪಕ್ಕದಲ್ಲಿ ಕೂತು ಬರೆಯತೊಡಗಿದಳು.