ಮೊಣಕಾಲುದ್ದದ ಕಾರಂಜಿ

ನೀರಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಡಿಪ್ಲೊಮಾ ಹುಡುಗರಿಗೆ ದ್ರವಗಳ ಚಲನೆಯ ಪಾಠ ಮಾಡುವ ಮೇಷ್ಟ್ರು ನಾನು! ಹಾಗೆಂದು ನಾನು ನಂಬಿದ್ದೆ. ಅರಕೆರೆಯ ನನ್ನ ಮಾವನ ಮನೆಯವರೂ, ಪಾಪ, ನಂಬಿದ್ದರು.

ಅಂದು ನಾದಿನಿ ಸವಿತಾಳ ಮದುವೆಯ ಮಾತು ಮುಗಿಸಲು ನಾಗಮಂಗಲದಿಂದ ಗಂಡಿನ ಕಡೆಯವರು ಬರುವವರಿದ್ದರು. ಸವಿತಾ ಹುಡುಗನನ್ನು ಆಗಲೇ ಮೆಚ್ಚಿಯಾಗಿತ್ತು. ಹಿಂದೆ ಬಂದ ಸಂಬಂಧಗಳು ಕೈತಪ್ಪಿದ್ದರಿಂದ ಮಾವನಿಗೆ ಇದೂ ಎಲ್ಲಿ ತಪ್ಪೀತೋ ಎಂಬ ಭಯ. ಬಂದವರಿಗೆ ಬಾಗಿಲಲ್ಲೇ ಕೈಕಾಲು ತೊಳೆಯಲು ನೀರು ಕೊಡುವುದು ದೊಡ್ಡಳಿಯನಾದ ನನ್ನ ಕೆಲಸ. ಎಲ್ಲರೂ ಚೊಂಬಿನಲ್ಲಿ ಕೊಡುತ್ತಾರೆ. ನಾನು ಎಲ್ಲರ ಹಾಗೆಯೇ?

ಚಪ್ಪರದ ಬಾಗಿಲಲ್ಲಿ ಪೈಪೊಂದನ್ನು ಮೇಲ್ಮುಖವಾಗಿ ನಿಲ್ಲಿಸಿ, ತೋಟದ ಪಂಪ್‌ಸೆಟ್ಟಿಗೆ ಜೋಡಿಸಿದೆ. ಮೊಣಕಾಲುದ್ದ ಚಿಮ್ಮುವ ಕಾರಂಜಿ! ಬಂದವರು ಕಾಲೊಡ್ಡಿದರೆ ಮುಗಿಯಿತು.

"ಅಳಿಯಂದ್ರೆ, ಚೊಂಬು ಸಾಕಾಗಾಕಿಲ್ವಾ?" ಎಂದರು ಮಾವ.

"ಕಾರಂಜಿ ನೋಡೋಕೆ ಜನ ಕನ್ನಂಬಾಡಿಗೆ ಹೋಗ್ತಾರೆ, ಮಾವ. ನಮ್ಮಲ್ಲಿ ಬಾಗಿಲಲ್ಲೇ!"

ನೀರು ತನ್ನ ವೇಗದಿಂದ ಎಷ್ಟು ಎತ್ತರ ಏರಬಲ್ಲದು ಎಂಬುದಕ್ಕೆ ನಮ್ಮ ಶಾಸ್ತ್ರದಲ್ಲಿ ವೆಲಾಸಿಟಿ ಹೆಡ್ ಎಂದು ಹೆಸರು. ಬೆಳಿಗ್ಗೆ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ, ಪೈಪಿನ ಸಣ್ಣ ಮೂತಿ ಅಳೆದು, ವೇಗ ಸೆಕೆಂಡಿಗೆ ಎಂಟು ಮೀಟರ್ ಎಂದು ಕಂಡುಕೊಂಡೆ. ಅದನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿದೆ. ನಲವತ್ತೊಂದು ಸೆಂಟಿಮೀಟರ್. ಸಾಕ್ಷಾತ್ ಮೊಣಕಾಲು!

"ಒಂದ್ಸಲ ಬುಟ್ಟು ನೋಡ್ಬಾರ್ದಾ?" ಎಂದಳು ಹೆಂಡತಿ ಶೋಭಾ.

"ಕರೆಂಟ್ ಹೋಗಿದೆ. ಲೆಕ್ಕ ಇರುವಾಗ ನೋಡೋದೇನು?"

ವ್ಯಾನು ಬಂದು ನಿಲ್ಲುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ರೇಷ್ಮೆ ಸೀರೆಯ ಹುಡುಗನ ತಾಯಿ, ಗರಿಗರಿ ಪಂಚೆಯ ಸೋದರಮಾವ ಮುಂದೆ ಬಂದರು. ನಾನು ಗಂಭೀರವಾಗಿ ಮೊಬೈಲ್ ತೆಗೆದು, ಫೋನ್ ಕರೆಗೇ ಚಾಲೂ ಆಗುವ ಮೋಟರಿನ ಸ್ಟಾರ್ಟರಿಗೆ ಕರೆ ಮಾಡಿದೆ.

ಅಯ್ಯಯ್ಯೋ!

ನೀರು ಮೊಣಕಾಲನ್ನು ಕ್ಯಾರೇ ಅನ್ನಲಿಲ್ಲ. ಚಪ್ಪರಕ್ಕೇ ಗುದ್ದಿ, ತೆಂಗಿನ ಗರಿಯ ಕಸವನ್ನೆಲ್ಲ ಬಾಚಿಕೊಂಡು ಬೀಗರ ತಲೆಯ ಮೇಲೆ ಸುರಿಯಿತು. ಆಗ ಹೊಳೆಯಿತು: ವೇಗವನ್ನು ವರ್ಗ ಮಾಡಿಯೇ ಇಲ್ಲ! ಎಂಟೆಂಟಲ ಅರವತ್ನಾಲ್ಕು, ಎತ್ತರ ಮೂರು ಮೀಟರಿಗೂ ಮೇಲೆ! ಇದೇ ತಪ್ಪಿಗೆ ಹಿಂದಿನ ವಾರವಷ್ಟೇ ಅರ್ಧ ತರಗತಿಗೆ ಸೊನ್ನೆ ಸುತ್ತಿದ್ದೆ.

"ಆಫ್ ಮಾಡ್ರೀ!" ಎಂದು ಶೋಭಾ ಕಿರುಚಿದಳು. ಮಾಡುವುದು ಹೇಗೆ? ಮೊಬೈಲೂ ನೆನೆದು ಸತ್ತಿತ್ತು! ಕೊನೆಗೆ ಅವಳೇ ಸೆರಗು ಸಿಕ್ಕಿಸಿಕೊಂಡು ಪಂಪ್‌ಹೌಸಿಗೆ ಓಡಿದಳು.

ನೀರು ನಿಂತಿತು. ಸೋದರಮಾವ ಮೀಸೆ ಹಿಂಡಿಕೊಂಡರು.

"ಕಾಲ್ಗೆ ನೀರು ಕೊಡಿ ಅಂದ್ರೆ ತಲೆಗೇ ಸ್ನಾನ ಮಾಡ್ಸ್ಬುಟ್ರಲ್ರೀ! ನಡೀರ್ಲಾ, ವ್ಯಾನ್ ಅತ್ರಿ!"

ಮಾವ ಅಲ್ಲೇ ಜಗಲಿಯ ಮೇಲೆ ಕುಸಿದರು. ಬಾಗಿಲಲ್ಲಿ ನಿಂತಿದ್ದ ಸವಿತಾಳ ಮುಖ ನೋಡಲಾಗದೆ ನಾನು ಪೈಪನ್ನೇ ನೋಡುತ್ತಿದ್ದೆ. ಅವಳು ಅಳಲಿಲ್ಲ. ಟವೆಲ್ ತಂದು ಹುಡುಗನ ತಾಯಿಗೆ ಕೊಟ್ಟು, "ಅತ್ತೆ, ಒದ್ದೆ ಬಟ್ಟೇಲಿ ನಾಗ್ಮಂಗ್ಲದ ಗಂಟ ಎಂಗೋಗ್ತೀರಿ? ಒಣಗ್ಲಿ, ಇರಿ," ಎಂದಳು. ಹುಡುಗ ಒಳಗೊಳಗೇ ನಗುತ್ತಿದ್ದ. ತಾಯಿ ತಲೆ ಒರೆಸಿಕೊಳ್ಳುತ್ತಾ ಒಳಗೆ ನಡೆದರು.

ಸೋದರಮಾವ ನನ್ನ ಮಾವನ ಪಟಾಪಟಿ ಚಡ್ಡಿಯಲ್ಲಿ ಕೂತರು. ಬಟ್ಟೆ ತಂತಿಯ ಮೇಲಿರುವಾಗ ಎದ್ದು ಹೋಗುವುದೆಲ್ಲಿಗೆ? ಕಾಫಿ ಆಯಿತು, ಊಟ ಆಯಿತು, ಪಂಚೆ ಒಣಗುವ ಹೊತ್ತಿಗೆ ಮಾತೂ ಮುಗಿಯಿತು.

"ಸಂಬಂಧ ಒಪ್ಗೆ," ಎಂದರು ಸೋದರಮಾವ. "ಆದ್ರೆ ಮದ್ವೇಲಿ ದೊಡ್ಡಳಿಯಂದ್ರು ನೀರಿನ್ ತಾವ್ಕೆ ಸುಳೀಬಾರ್ದು!"

ಮದುವೆ ಪಾಂಡವಪುರದ ಛತ್ರದಲ್ಲಿ ಚೆನ್ನಾಗಿಯೇ ನಡೆಯಿತು. ಬಾಯಾರಿ ನೀರಿನ ಡ್ರಮ್ಮಿನತ್ತ ಹೆಜ್ಜೆ ಇಟ್ಟೆ. "ಏಯ್, ಇಡೀರ್ಲಾ ಅವ್ರುನ್ನ!" ಎಂದು ಕೂಗಿತು ಪರಿಚಿತ ಮೀಸೆ. ಇಬ್ಬರು ಬಂದು ನನ್ನನ್ನು ಗೌರವಪೂರ್ವಕವಾಗಿ ಕುರ್ಚಿಗೆ ಮುಟ್ಟಿಸಿದರು.

ಶೋಭಾ ಒಂದು ಲೋಟ ನೀರು ತಂದು ಕೈಗಿಟ್ಟಳು.

"ಕುಡೀರಿ. ಲೆಕ್ಕ ಮಾತ್ರ ಆಕ್ಬೇಡಿ."